ಹಸಿವಿನ ಚೀಟಿ

ನಮ್ಮ ಪತ್ರಿಕೆಯ ಹಳೆಯ ವಾಚಕರೂ ನಾಂಪಲ್ಲಿಯ ಕಚೇರಿಯೊಂದರಲ್ಲಿ ಗುಮಾಸ್ತರೂ ಆಗಿರುವ ಸದ್ಗೃಹಸ್ಥರೊಬ್ಬರು ನಮಗೊಂದು ಕಾಗದ ಬರೆದಿದ್ದರು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಅವರ ಮಗಳು ಆಬಿಡ್ಸಿನ ಭಾನುವಾರದ ಹಳೆಯ ಪುಸ್ತಕಗಳ ಸಾಲಿನಲ್ಲಿ ಒಂದು ಇಂಗ್ಲಿಷು ಕಾದಂಬರಿಯನ್ನು ಕೊಂಡು ತಂದಳಂತೆ. ಊಟದ ಹೊತ್ತಿನಲ್ಲಿಯೂ ಅದನ್ನು ಕೆಳಗಿಡಲಿಲ್ಲವಂತೆ. ಅಷ್ಟೇನಿದೆ ಅದರಲ್ಲಿ ಎಂದು ತಂದೆ ತೆರೆದು ನೋಡಿದರೆ, ಇಪ್ಪತ್ತನಾಲ್ಕು ಮಕ್ಕಳನ್ನು ಕಾಡಿನಂಥ ಒಂದು ಕಣದೊಳಗೆ ಕೂಡಿಹಾಕಿ, ಒಬ್ಬರನ್ನೊಬ್ಬರು ಕೊಲ್ಲುವಂತೆ ಮಾಡಿ, ದೊಡ್ಡವರು ಕುಳಿತು ನೋಡುವ ಕಥೆ. ಅವರು ಪುಸ್ತಕವನ್ನು ಕಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಇಂಥ ಪುಸ್ತಕಗಳ ವಿರುದ್ಧ ತಾವು ಖಾರವಾಗಿ ಒಂದು ಲೇಖನ ಬರೆಯಬೇಕೆಂಬುದು ಅವರ ಕೋರಿಕೆ.

ಓದದೆ ಖಂಡಿಸುವುದು ರುಚಿ ನೋಡದೆ ಸಾರನ್ನು ಚೆಲ್ಲಿದಂತೆ. ಆದುದರಿಂದ ಪುಸ್ತಕವನ್ನು ಕಳುಹಿಸಿಕೊಡಿರೆಂದು ಬೇಡಿಕೊಂಡೆವು, ಅವರೇ ತಂದುಕೊಟ್ಟರು. ನಮ್ಮದು ಎಸ್.ಎಸ್.ಎಲ್.ಸಿ.ಗೆ ನಿಂತ ಇಂಗ್ಲಿಷು. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ರಾತ್ರಿ ಪತ್ರಿಕೆ ಅಚ್ಚಿಗೆ ಹೋದ ಮೇಲೆ ದಿನಕ್ಕೆ ಹದಿನೈದು ಇಪ್ಪತ್ತು ಪುಟಗಳಂತೆ, ಮೂರು ವಾರ ಓದಿ ಮುಗಿಸಿದೆವು. ಖಂಡಿಸಲೆಂದು ಆರಂಭಿಸಿದ ಓದು ಬೇರೆ ಕಡೆಗೆ ಹೋಗಿ ನಿಂತಿತು. ಆ ವಿಚಾರವನ್ನು ಆ ಗೃಹಸ್ಥರ ಎದುರಿಗೂ, ಅವರಂತೆಯೇ ಹೆಣ್ಣುಮಕ್ಕಳ ತಂದೆಯರಾದ ನಮ್ಮ ಇತರ ವಾಚಕರ ಎದುರಿಗೂ ಇಡುವುದು ನಮ್ಮ ಕರ್ತವ್ಯ.

ಓದದವರ ತಿಳಿವಳಿಕೆಗಾಗಿ ಕಥೆಯನ್ನು ಸಂಕ್ಷೇಪವಾಗಿ ಹೇಳಬೇಕು. ಪುಸ್ತಕದ ಹೆಸರು ‘ದಿ ಹಂಗರ್ ಗೇಮ್ಸ್’, ಎಂದರೆ ಹಸಿವಿನ ಆಟಗಳು. ಬರೆದವರು ಅಮೆರಿಕದ ಸುಝಾನ್ ಕಾಲಿನ್ಸ್ ಎಂಬ ಲೇಖಕಿ, ಪ್ರಕಟವಾದುದು 2008ರಲ್ಲಿ. ಮುಂದಿನ ಎರಡು ಭಾಗಗಳು 2009 ಮತ್ತು 2010ರಲ್ಲಿ ಹೊರಬಂದವು. 2012ರಲ್ಲಿ ಚಲನಚಿತ್ರವೂ ಆಯಿತು. ರಾಮರಾಜ್ಯಕ್ಕೆ ತದ್ವಿರುದ್ಧವಾದ ರಾಜ್ಯವೊಂದನ್ನು ಕಲ್ಪಿಸಿ, ‘ನಾವು ಎಚ್ಚರ ತಪ್ಪಿದರೆ ಇಲ್ಲಿಗೆ ಬಂದು ಮುಟ್ಟುತ್ತೇವೆ’ ಎಂದು ತೋರಿಸುವ ಕಾದಂಬರಿಗಳ ಜಾತಿಗೆ ಇದು ಸೇರಿದೆ. ಹರೆಯದ ಮಕ್ಕಳಿಗೆಂದು ಬರೆದುದು ಇದರ ವಿಶೇಷ.

ಉತ್ತರ ಅಮೆರಿಕವು ಹಾಳಾದ ಮೇಲೆ ಎದ್ದುನಿಂತ ಪ್ಯಾನೆಮ್ ಎಂಬ ರಾಜ್ಯ. ಕ್ಯಾಪಿಟಲ್ ಎಂಬುದು ಅದರ ವೈಭವದ ರಾಜಧಾನಿ. ಅದಕ್ಕೆ ದುಡಿದು ಹಾಕುವ ಜಿಲ್ಲೆಗಳು ಹನ್ನೆರಡು. ಒಂದು ಜಿಲ್ಲೆ ಕಲ್ಲಿದ್ದಲು ಅಗೆಯಬೇಕು, ಇನ್ನೊಂದು ಮೀನು ಹಿಡಿಯಬೇಕು, ಮತ್ತೊಂದು ಬೆಳೆ ಬೆಳೆಯಬೇಕು. ಬೆಳೆದವರು ತಿನ್ನುವಂತಿಲ್ಲ, ಹೊಲದಲ್ಲಿ ಬೆಳೆಯನ್ನು ಬಾಯಿಗೆ ಹಾಕಿಕೊಂಡವರಿಗೆ ಚಾಟಿಯೇಟು. ಜಿಲ್ಲೆಗಳು ಹಿಂದೊಮ್ಮೆ ದಂಗೆ ಎದ್ದುದಕ್ಕೆ ದಂಡನೆಯಾಗಿ, ವರ್ಷಕ್ಕೊಮ್ಮೆ ಪ್ರತಿ ಜಿಲ್ಲೆಯಿಂದಲೂ 12ರಿಂದ 18 ವಯಸ್ಸಿನೊಳಗಿನ ಒಬ್ಬ ಹುಡುಗನನ್ನೂ ಒಬ್ಬ ಹುಡುಗಿಯನ್ನೂ ಚೀಟಿ ಎತ್ತಿ ಆರಿಸಲಾಗುತ್ತದೆ. ಕಣದಲ್ಲಿ ಕೊನೆಗೆ ಉಳಿದ ಒಬ್ಬರೇ ವಿಜಯಿ. ಅದನ್ನು ಎಲ್ಲರೂ ಟಿ.ವಿ.ಯಲ್ಲಿ ಕಡ್ಡಾಯವಾಗಿ ನೋಡಬೇಕು, ಹೆತ್ತವರೂ ನೋಡಬೇಕು. ಗೆದ್ದವರ ಜಿಲ್ಲೆಗೆ ಒಂದು ವರ್ಷ ಕಾಳು, ಎಣ್ಣೆ, ತಿನಿಸುಗಳ ಬಹುಮಾನ. ಕಲ್ಲಿದ್ದಲಿನ ಜಿಲ್ಲೆಯ ಕ್ಯಾಟ್ನಿಸ್ ಎಂಬ ಹದಿನಾರರ ಹುಡುಗಿ ಕಥಾನಾಯಕಿ. ತಂದೆ ಗಣಿಯ ಸ್ಫೋಟದಲ್ಲಿ ಸತ್ತಿದ್ದಾನೆ. ಮನೆಯ ಹೊಟ್ಟೆ ಹೊರೆಯುವವಳು ಇವಳೇ. ಹನ್ನೆರಡರ ತಂಗಿಯ ಹೆಸರಿನ ಚೀಟಿ ಬಂದಾಗ, ಅವಳ ಬದಲಿಗೆ ತಾನು ಹೋಗುತ್ತೇನೆಂದು ಈಕೆ ಮುಂದೆ ಬರುತ್ತಾಳೆ. ಜೊತೆಗೆ ಹೋಗುವವನು ಬೇಕರಿಯವನ ಮಗ ಪೀಟಾ.

ತಂದೆಯಾದವನಿಗೆ ಇಂಥ ಕಥೆಯಿಂದ ಹೆದರಿಕೆಯಾಗುವುದು ಸಹಜ. ನಮ್ಮ ಗುಮಾಸ್ತರು ಒಬ್ಬಂಟಿಗರೂ ಅಲ್ಲ. ಈ ಪುಸ್ತಕದ ತವರಾದ ಅಮೆರಿಕದಲ್ಲಿಯೇ, ಗ್ರಂಥಾಲಯಗಳಿಂದ ತೆಗೆದುಹಾಕಬೇಕೆಂದು ಅತಿ ಹೆಚ್ಚು ದೂರು ಬಂದ ಹತ್ತು ಪುಸ್ತಕಗಳ ಪಟ್ಟಿಯಲ್ಲಿ ಇದು 2010, 2011 ಮತ್ತು 2013ರಲ್ಲಿ ಸೇರಿತ್ತು. ಆದರೆ ಮಕ್ಕಳನ್ನು ಬಲಿಗೆ ಕಳುಹಿಸುವ ಕಥೆ ಅಮೆರಿಕದವರು ಹೊಸದಾಗಿ ಹುಟ್ಟಿಸಿದ್ದೇನಲ್ಲ. ಗ್ರೀಕರ ಪುರಾಣದಲ್ಲಿ ಅಥೆನ್ಸ್ ನಗರವು ಏಳು ಮಂದಿ ತರುಣರನ್ನೂ ಏಳು ಮಂದಿ ತರುಣಿಯರನ್ನೂ ಕ್ರೀಟ್ ದ್ವೀಪದ ರಾಕ್ಷಸನಿಗೆ ಕಪ್ಪವಾಗಿ ಒಪ್ಪಿಸುತ್ತಿತ್ತು. ಆ ಕಥೆಯೇ ತಮ್ಮ ಕಾದಂಬರಿಯ ಬೀಜವೆಂದು ಕಾಲಿನ್ಸ್ ಅವರು ಹೇಳಿದ್ದಾರೆ. ಅಷ್ಟು ದೂರ ಹೋಗುವುದೇಕೆ? ಏಕಚಕ್ರಪುರದ ಕಥೆಯನ್ನು ನಮ್ಮ ವಾಚಕರಲ್ಲಿ ಕೇಳದವರಾರು? ಬಕಾಸುರನಿಗೆ ಸರದಿಯ ಪ್ರಕಾರ ಮನೆಗೊಬ್ಬರಂತೆ, ಬಂಡಿಯ ತುಂಬ ಅನ್ನದ ಜೊತೆಗೆ ಹೋಗಬೇಕು. ಬಂಡಿಯ ಅನ್ನವೂ ಅವನ ಪಾಲು, ಬಂಡಿ ಹೊಡೆದವನೂ ಅವನ ಪಾಲು. ಬ್ರಾಹ್ಮಣನ ಮನೆಯ ಸರದಿ ಬಂದಾಗ ತಂದೆ ನಾನು ಹೋಗುತ್ತೇನೆನ್ನುತ್ತಾನೆ, ತಾಯಿ ನಾನು ಎನ್ನುತ್ತಾಳೆ, ಮಗಳು ನಾನು ಎನ್ನುತ್ತಾಳೆ. ತೊದಲು ಮಾತಿನ ಚಿಕ್ಕ ಮಗ ಒಂದು ಹುಲ್ಲುಕಡ್ಡಿಯನ್ನು ಹಿಡಿದು ಇದರಿಂದಲೇ ರಾಕ್ಷಸನನ್ನು ಕೊಲ್ಲುತ್ತೇನೆನ್ನುತ್ತಾನೆ. ಆಟ ಬಯಲಾಟಗಳಲ್ಲಿ ನಾವು ಇದನ್ನು ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡೇ ನೋಡಿದ್ದೇವೆ. ಅದರಿಂದ ಯಾವ ಮಗುವೂ ಕೆಟ್ಟಿಲ್ಲ. ತನ್ನ ಮಗನನ್ನು ಕಳುಹಿಸಿಕೊಡುತ್ತೇನೆಂದ ಕುಂತಿಯನ್ನೂ ತಂಗಿಯ ಬದಲಿಗೆ ಹೊರಟ ಕ್ಯಾಟ್ನಿಸಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಲು ನಮಗೆ ಸಂಕೋಚವಿಲ್ಲ.

ವ್ಯಾಸಭಾರತದ ಆ ಪ್ರಸಂಗದಲ್ಲಿ ಒಂದು ಸಣ್ಣ ಮಾತಿದೆ. ಬಯಲಾಟದ ಗದ್ದಲದಲ್ಲಿ ಅದು ಕೇಳಿಸುವುದಿಲ್ಲ. ಇನ್ನೊಬ್ಬ ಮನುಷ್ಯನನ್ನು ಹಣ ಕೊಟ್ಟು ಕೊಂಡು ಕಳುಹಿಸೋಣವೆಂದರೆ ಅಷ್ಟು ಸಂಪತ್ತು ತನ್ನಲ್ಲಿಲ್ಲವೆಂದು ಆ ಬ್ರಾಹ್ಮಣ ಅಳುತ್ತಾನೆ. ಎಂದರೇನು? ಸರದಿ ಎಂಬುದು ಎಲ್ಲರಿಗೂ ಸಮ. ಆದರೆ ಹಣವುಳ್ಳವನು ತನ್ನ ಸರದಿಯನ್ನು ಬಡವನ ತಲೆಗೆ ಕಟ್ಟಬಹುದಿತ್ತು. ಕಾಲಿನ್ಸ್ ಅವರ ಕಾದಂಬರಿಯ ಮರ್ಮ ಇರುವುದೂ ಇಲ್ಲಿಯೇ. ಕತ್ತಿ, ಬಿಲ್ಲು, ರಕ್ತ ಇವುಗಳಲ್ಲಿ ಅಲ್ಲ. ನಮ್ಮ ಗೃಹಸ್ಥರು ಹೆದರಿದ ಪುಟಗಳಿಗಿಂತ ಬಹಳ ಹಿಂದೆ, ಮೊದಲನೆಯ ಅಧ್ಯಾಯದಲ್ಲಿಯೇ ನಮಗೆ ನಿದ್ದೆಗೆಡಿಸಿದ ಪುಟವಿದೆ.

ಚೀಟಿಯ ನಿಯಮ ಹೀಗಿದೆ. ಹನ್ನೆರಡು ತುಂಬಿದ ಮಗುವಿನ ಹೆಸರಿನಲ್ಲಿ ಒಂದು ಚೀಟಿ, ಹದಿಮೂರಕ್ಕೆ ಎರಡು, ಹೀಗೆ ಏರಿ ಹದಿನೆಂಟಕ್ಕೆ ಏಳು. ಇದು ಧನಿಕರ ಮಗುವಿಗೂ ಬಡವರ ಮಗುವಿಗೂ ಒಂದೇ. ಆದರೆ ಮನೆಯಲ್ಲಿ ಅನ್ನವಿಲ್ಲದ ಮಗು ತನ್ನ ಹೆಸರಿನ ಇನ್ನೊಂದು ಚೀಟಿಯನ್ನು ಹಾಕಿಸಿ, ಅದರ ಬದಲಿಗೆ ಒಬ್ಬರಿಗೆ ಒಂದು ವರ್ಷಕ್ಕಾಗುವ ಅರೆಹೊಟ್ಟೆಯ ಕಾಳು ಎಣ್ಣೆಗಳನ್ನು ಪಡೆಯಬಹುದು. ಮನೆಯಲ್ಲಿ ಎಷ್ಟು ಬಾಯಿಗಳೋ ಅಷ್ಟು ಚೀಟಿಗಳನ್ನು ಹಾಕಿಸಬಹುದು. ಹಾಕಿಸಿದ ಚೀಟಿ ಮರುವರ್ಷ ತೆಗೆದುಹೋಗುವುದಿಲ್ಲ; ಕೂಡುತ್ತಲೇ ಹೋಗುತ್ತದೆ. ಕ್ಯಾಟ್ನಿಸ್ ತನಗಾಗಿ, ತಾಯಿಗಾಗಿ, ತಂಗಿಗಾಗಿ ಕಾಳು ತಂದವಳು. ಹದಿನಾರಕ್ಕೆ ಅವಳ ಹೆಸರಿನ ಚೀಟಿಗಳು 20. ಐದು ಮಂದಿಯ ಮನೆಯನ್ನು ಸಾಕುವ ಅವಳ ಗೆಳೆಯ ಗೇಲನಿಗೆ ಹದಿನೆಂಟಕ್ಕೆ 42. ಊರಿನ ಮೇಯರರ ಮಗಳಿಗೆ ಹದಿನಾರಕ್ಕೆ ಬರೀ 5. ಯಾರೂ ಬಲವಂತ ಮಾಡಲಿಲ್ಲ. ಕಾನೂನು ಯಾರಿಗೂ ಭೇದ ಮಾಡಲಿಲ್ಲ. ಕಾಳು ಬೇಕಾದವರು ತಾವೇ ಬಂದು ರುಜು ಹಾಕಿದರು. ಸರಕಾರ ಹಾಗೆಂದೇ ಹೇಳುತ್ತದೆ.

ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದಾಗ ನಮಗೆ ನೆನಪಾದುದು ಕ್ಯಾಪಿಟಲ್ ಅಲ್ಲ. ನಮ್ಮದೇ ಗಲ್ಲಾಪೆಟ್ಟಿಗೆಯ ಕೆಳಗಿದ್ದ ಉದ್ದನೆಯ ಪುಸ್ತಕ.

ಪತ್ರಿಕೆಗೆ ಬರುವ ಮೊದಲು ನಾವು ಹೋಟೆಲು ನಡೆಸುತ್ತಿದ್ದೆವೆಂಬುದು ವಾಚಕರಿಗೆ ಗೊತ್ತಿದೆ. ಆ ಪುಸ್ತಕದಲ್ಲಿ ಮುಂಗಡದ ಲೆಕ್ಕವಿತ್ತು. ಒಂದು ಯುಗಾದಿಯ ಮರುದಿನ ರಾಯಚೂರು ಜಿಲ್ಲೆಯ ಒಬ್ಬ ರೈತ ಹದಿನೇಳರ ಮಗನನ್ನು ಕರೆದುಕೊಂಡು ಬಂದ. ಹಿರಿಯ ಮಗಳ ಮದುವೆಗೆ ಹತ್ತು ಸಾವಿರ ಬೇಕಿತ್ತು. ಕೊಟ್ಟೆವು, ಹುಡುಗ ಮಾಣಿಯಾಗಿ ನಿಂತ. ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಔಷಧದ ಖರ್ಚನ್ನು ಬರೆದುಕೊಂಡೆವು. ದೀಪಾವಳಿಗೆ ಊರಿಗೆ ಹೋಗಿಬಂದ. ರೈಲಿನ ಖರ್ಚನ್ನು ಬರೆದುಕೊಂಡೆವು. ತಂದೆ ಮತ್ತೊಮ್ಮೆ ಬಂದ. ಮತ್ತೆ ಮೂರು ಸಾವಿರ. ಸಂಬಳದಲ್ಲಿ ಮುರಿದುಕೊಳ್ಳುತ್ತಲೇ ಇದ್ದೆವು. ಲೆಕ್ಕ ಇಳಿಯುತ್ತಲೇ ಇರಲಿಲ್ಲ. ಹುಡುಗ ಎಸ್.ಎಸ್.ಎಲ್.ಸಿ.ಯಲ್ಲಿ ಎರಡು ವಿಷಯಗಳಿಗೆ ನಪಾಸಾಗಿದ್ದ. ರಾತ್ರಿ ಟೇಬಲುಗಳನ್ನು ಒರೆಸಿದ ಮೇಲೆ ಗಣಿತದ ಪುಸ್ತಕ ಹಿಡಿದು ಕೂರುತ್ತಿದ್ದುದನ್ನು ನಾವು ಕಣ್ಣಾರೆ ನೋಡಿದ್ದೆವು. ಜೂನಿನ ಪರೀಕ್ಷೆಗೆ ಕಟ್ಟುತ್ತೇನೆ, ಹತ್ತು ದಿನ ರಜೆ ಕೊಡಿ, ಅಣ್ಣಾವರೆ ಎಂದು ಕೇಳಿದ. ಲೆಕ್ಕ ಚುಕ್ತಾ ಮಾಡಿ ಹೋಗೆಂದೆವು. ಹೋದವನು ತಿರುಗಿ ಬರಲಾರನೆಂಬ ಸಂಶಯ ನಮಗೆ. ಅವನು ಪರೀಕ್ಷೆಗೆ ಕೂರಲಿಲ್ಲ. ಮುಂದೆ ಕೆಲವು ತಿಂಗಳಿಗೆ ಬೇರೊಬ್ಬ ಹೋಟೆಲಿನವರು ಬಂದು ನಮ್ಮ ಬಾಕಿಯನ್ನು ಎಣಿಸಿಕೊಟ್ಟು ಅವನನ್ನು ಕರೆದುಕೊಂಡು ಹೋದರು. ನಮ್ಮ ಲೆಕ್ಕ ತೀರಿತು. ಅವನದು ತೀರಲಿಲ್ಲ, ಪುಸ್ತಕ ಬದಲಾಯಿತು ಅಷ್ಟೆ.

ಆ ಕಾಲದಲ್ಲಿ ನಾವು ಇದನ್ನು ಉಪಕಾರವೆಂದೇ ಬಗೆದಿದ್ದೆವು. ಮದುವೆಗೆ ಯಾವ ಬ್ಯಾಂಕು ಹಣ ಕೊಡುತ್ತಿತ್ತು? ಜ್ವರದ ಹುಡುಗನನ್ನು ಬೀದಿಗೆ ನೂಕಿದೆವೆ? ಈ ಸಮಾಧಾನಗಳೆಲ್ಲ ಸುಳ್ಳಲ್ಲ. ಕ್ಯಾಪಿಟಲಿನ ಅಧಿಕಾರಿಯೂ ಹೀಗೆಯೇ ಹೇಳಿಯಾನು: ಕಾಳು ಕೊಟ್ಟವರು ನಾವಲ್ಲವೆ? ಕಾಳು ಕೊಟ್ಟುದು ನಿಜ. ಅದರ ಬದಲಿಗೆ ಏನನ್ನು ಬರೆಸಿಕೊಂಡರೆಂಬುದೇ ಪ್ರಶ್ನೆ. ತಾವೇ ಎಸ್.ಎಸ್.ಎಲ್.ಸಿ. ದಾಟಿದುದರಿಂದ ಮುಂದೆ ಬಂದ ನಾವು, ಇನ್ನೊಬ್ಬನ ಎಸ್.ಎಸ್.ಎಲ್.ಸಿ.ಗೆ ಅಡ್ಡ ನಿಂತೆವು. ಇದನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿರಲಿಲ್ಲ.

ನಮ್ಮ ದೇಶದ ಕಾನೂನು ಕಾದಂಬರಿಯ ಕಾನೂನಿನಂತಲ್ಲವೆಂಬುದು ಸಮಾಧಾನದ ಸಂಗತಿ. ಮುಂಗಡದ ಕಾರಣದಿಂದ ದುಡಿಯುವವನು ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯವನ್ನು ಕಳೆದುಕೊಂಡರೆ, 1976ರ ಜೀತಪದ್ಧತಿ ರದ್ದಿಯಾತಿ ಕಾಯಿದೆಯ ದೃಷ್ಟಿಯಲ್ಲಿ ಅದು ಜೀತವೇ. ಅಂಥ ಸಾಲವನ್ನು ತೀರಿಸಬೇಕಾದ ಹೊಣೆ ಅವನ ಮೇಲಿಲ್ಲ. ದುಡಿಸಿಕೊಂಡವನಿಗೆ ಮೂರು ವರ್ಷದವರೆಗೆ ಸೆರೆವಾಸ ಉಂಟು. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲುಗಳಲ್ಲಿ ಇಟ್ಟುಕೊಳ್ಳಕೂಡದೆಂದು 2006ರ ಅಕ್ಟೋಬರ್ 10ರಿಂದ ನಿಷೇಧವಿದೆ. 2016ರ ತಿದ್ದುಪಡಿಯಿಂದ ಅದು ಇನ್ನಷ್ಟು ಬಿಗಿಯಾಗಿದೆ. ಅನ್ನದ ವಿಷಯದಲ್ಲಿಯೂ ಹಾಗೆಯೇ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಅರ್ಹ ಕುಟುಂಬದ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ಹಕ್ಕಾಗಿ ದೊರೆಯಬೇಕು. ಅದಕ್ಕೆ ಯಾವ ಚೀಟಿಯನ್ನೂ ಒತ್ತೆ ಇಡಬೇಕಾಗಿಲ್ಲ. ಈ ಕಾಯಿದೆಯಡಿಯ ಕಾರ್ಡು ಊರಿನಲ್ಲಿದ್ದರೂ ಅದೇ ಸಂಖ್ಯೆಯ ಮೇಲೆ ಬೇರೆ ರಾಜ್ಯದಲ್ಲಿ ಧಾನ್ಯ ಪಡೆಯುವ ಏರ್ಪಾಡು 2022ರ ಜೂನ್ ಹೊತ್ತಿಗೆ ದೇಶದ ಎಲ್ಲ ರಾಜ್ಯಗಳಿಗೂ ಹಬ್ಬಿತು. ರಾಯಚೂರು ಕಲಬುರಗಿಗಳ ಕಡೆಯಿಂದ ರೈಲು ಹತ್ತಿ ಬಂದು ನಾಂಪಲ್ಲಿಯಲ್ಲಿ ಇಳಿಯುವ ನಮ್ಮ ಹುಡುಗರು ಇದನ್ನು ತಿಳಿದಿರಬೇಕು. ತಿಳಿಯದಿದ್ದವನ ಹಕ್ಕು ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕದಂತೆ.

ಕಾದಂಬರಿಯಲ್ಲಿ ನಮ್ಮ ಕಸುಬಿನವರ ಎದೆಗೆ ನಾಟುವ ಇನ್ನೊಂದು ಸಂಗತಿಯಿದೆ. ಕ್ಯಾಪಿಟಲಿನಲ್ಲಿ ಊಟ ಬಡಿಸುವವರು ಮೂಕರು. ಅಪರಾಧಿಗಳೆಂದು ನಾಲಗೆ ಕತ್ತರಿಸಿ ಸೇವೆಗೆ ಹಚ್ಚಿದವರು. ಅವರೊಡನೆ ಮಾತನಾಡಕೂಡದು, ಅಪ್ಪಣೆ ಕೊಡಬೇಕಾದಾಗ ಮಾತ್ರ ಬಾಯಿ ತೆರೆಯಬಹುದು. ಬಡಿಸಲು ಬಂದ ಹುಡುಗಿಯ ಮುಖವನ್ನು ಕ್ಯಾಟ್ನಿಸ್ ಗುರುತಿಸಿ, ನಿನ್ನನ್ನು ನಾನು ಬಲ್ಲೆ ಎಂದುಬಿಡುತ್ತಾಳೆ. ಊಟದ ಮೇಜಿನಲ್ಲಿದ್ದವರೆಲ್ಲ ಬೆಚ್ಚಿಬೀಳುತ್ತಾರೆ. ಬಡಿಸುವವಳಿಗೆ ಮುಖವಿರುವುದೆ? ನೂರಾರು ಗಿರಾಕಿಗಳಿಗೆ ಬಡಿಸುವ ನಮ್ಮ ಮಾಣಿಗಳು ದಿನವಿಡೀ ಕೇಳುವ ಮಾತುಗಳನ್ನು ನೆನೆಯಿರಿ: ನೀರು! ಚಟ್ನಿ! ಬಿಲ್ಲು! ನಲವತ್ತು ದಾಟಿದವನಿಗೂ ಈ ಊರಿನಲ್ಲಿ ‘ಛೋಟು’ ಎಂದೇ ಹೆಸರು. ಅವನ ನಾಲಗೆಯನ್ನು ಯಾರೂ ಕತ್ತರಿಸಿಲ್ಲ. ಆದರೆ ಅವನ ಊರು ಯಾವುದು, ಊಟವಾಯಿತೆ ಎಂದು ಕೇಳಿದ ಗಿರಾಕಿಗಳು ಎಷ್ಟು ಮಂದಿ? ಗಿರಾಕಿಗಳನ್ನು ದೂರುವ ಮೊದಲು ನಮ್ಮ ಗುಮಾಸ್ತ ವಾಚಕರೂ ಕೇಳಿಕೊಳ್ಳಲಿ. ಕಚೇರಿಯಲ್ಲಿ ಸಾಹೇಬರಿಂದ ಅನ್ನಿಸಿಕೊಂಡ ಮಾತನ್ನು ಸಂಜೆ ಕಾಫಿ ತಂದುಕೊಟ್ಟವನ ಮೇಲೆ ಇಳಿಸಿದ್ದುಂಟೆ ಎಂದು.

‘ಇವೆಲ್ಲ ಮುಂದೆಂದೋ ನಡೆಯುವ ಕಟ್ಟುಕಥೆ, ಇದಕ್ಕೇಕೆ ಇಷ್ಟು ಚರ್ಚೆ’ ಎನ್ನುವವರು ಇರಬಹುದು. ಮುಂದಲ್ಲ, ಹಿಂದೆಯೇ ನಡೆದುಹೋಗಿದೆ. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರಗಾಲವನ್ನು ನಮ್ಮ ಅಜ್ಜಂದಿರ ಅಜ್ಜಂದಿರು ಕಂಡರು. ಮೈಸೂರು, ಬಳ್ಳಾರಿ, ಧಾರವಾಡ, ನಿಜಾಮರ ರಾಯಚೂರು, ಎಲ್ಲೆಡೆಯೂ ಹಾಹಾಕಾರ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ 55 ಸಾವಿರವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಅದೇ ಬರಗಾಲದ ನಡುವೆ, 1877ರ ಜನವರಿ 1ರಂದು, ವೈಸರಾಯ್ ಲಾರ್ಡ್ ಲಿಟನ್ ದಿಲ್ಲಿಯಲ್ಲಿ ದರ್ಬಾರು ನೆರೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದ. ರಾಜಮಹಾರಾಜರ ಜೊತೆಗೆ ನಮ್ಮ ಹೈದರಾಬಾದಿನ ಹತ್ತು ವರ್ಷದ ಬಾಲಕ ನಿಜಾಮನನ್ನೂ ಸಿಂಗರಿಸಿ ಕರೆದೊಯ್ದಿದ್ದರು. ಅತ್ತ ಔತಣ, ಇತ್ತ ಪರಿಹಾರದ ಕಾಮಗಾರಿಗಳಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದು ಆಣೆ. ಈ ಕೂಲಿಯನ್ನು ಗೊತ್ತುಮಾಡಿದವನು ಹಿಂದೆ 1867ರಲ್ಲಿ ಇದೇ ಹೈದರಾಬಾದಿನಲ್ಲಿ ರೆಸಿಡೆಂಟನಾಗಿದ್ದ ಸರ್ ರಿಚರ್ಡ್ ಟೆಂಪಲ್. ಅಷ್ಟರಿಂದ ದುಡಿಯುವವನ ಜೀವ ಉಳಿಯದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಹಟ ಹಿಡಿದು ವಾದಿಸಬೇಕಾಯಿತು. ಒಂದು ಪೌಂಡು ಎಂದರೆ ಅರ್ಧ ಕಿಲೋಕ್ಕೂ ಕಡಿಮೆ. ಹೋಟೆಲಿನ ಉಗ್ರಾಣ ನೋಡಿಕೊಂಡವರಿಗೆ ಅದು ಎಷ್ಟು ಹೊಟ್ಟೆ ತುಂಬೀತೆಂದು ಹೇಳಬೇಕಾಗಿಲ್ಲ.

ಕಾದಂಬರಿಯ ಎರಡನೆಯ ಭಾಗದಲ್ಲಿ ಕ್ಯಾಪಿಟಲಿನ ಔತಣವೊಂದು ಬರುತ್ತದೆ. ಹೊಟ್ಟೆ ತುಂಬಿದವರು ಒಂದು ಪಾನೀಯವನ್ನು ಕುಡಿದು, ವಾಂತಿ ಮಾಡಿಕೊಂಡು, ಮತ್ತೆ ಎಲೆಯ ಮುಂದೆ ಕುಳಿತಂತೆ ತಿನ್ನಲು ಬರುತ್ತಾರೆ. ಅದನ್ನು ಓದುವಾಗ ಅತಿಶಯೋಕ್ತಿ ಎಂದುಕೊಂಡೆವು. ಕಲ್ಯಾಣಮಂಟಪಗಳ ಹಿಂಬದಿಯಲ್ಲಿ ಬುಟ್ಟಿಗಟ್ಟಲೆ ಅನ್ನ ಚೆಲ್ಲುವುದನ್ನು ನೋಡಿದ ನಮ್ಮ ಅಡುಗೆಯ ಭಟ್ಟರುಗಳು ಹಾಗೆನ್ನಲಾರರು.

ಲೇಖಕಿಗೆ ಈ ಕಥೆ ಹೊಳೆದ ಬಗೆಯನ್ನೂ ಹೇಳಬೇಕು. ಒಂದು ರಾತ್ರಿ ಟಿ.ವಿ.ಯ ಚಾನೆಲುಗಳನ್ನು ತಿರುಗಿಸುತ್ತಿದ್ದಾಗ, ಒಂದರಲ್ಲಿ ಬಹುಮಾನಕ್ಕಾಗಿ ತರುಣರ ಸ್ಪರ್ಧೆ, ಇನ್ನೊಂದರಲ್ಲಿ ಇರಾಕಿನ ಯುದ್ಧ. ಎರಡೂ ಅವರ ಕಣ್ಣಿಗೆ ಒಂದರೊಳಗೊಂದು ಬೆರೆತುಹೋದುವಂತೆ. ಅವರ ತಂದೆ ವಿಯೆಟ್ನಾಮ್ ಯುದ್ಧಕ್ಕೆ ಹೋಗಿಬಂದವರು. ಯುದ್ಧವೆಂದರೆ ಏನೆಂಬುದು ಮಗಳಿಗೆ ಮನೆಯಲ್ಲಿಯೇ ತಿಳಿದಿತ್ತು. ನಮ್ಮ ಹೋಟೆಲುಗಳಲ್ಲಿಯೂ ಈಗ ಗಲ್ಲಾದ ಎದುರಿಗೆ ಟಿ.ವಿ. ತೂಗುಹಾಕಿರುತ್ತದೆ. ಕಟ್ಟಡ ಕುಸಿದು ಜನ ಸಿಕ್ಕಿಬಿದ್ದ ಚಿತ್ರವನ್ನು ನೋಡುತ್ತಲೇ ಇನ್ನೊಂದು ವಡೆ ತರಹೇಳುತ್ತೇವೆ. ಮರುಕ್ಷಣ ಹಾಡಿನ ಸ್ಪರ್ಧೆ. ಅತ್ತುಕೊಂಡು ಹೊರಬಿದ್ದ ಮಗುವಿನ ಮುಖವನ್ನು ಮೂರು ಸಲ ತೋರಿಸುತ್ತಾರೆ. ಕೈ ತೊಳೆದು ಹೊರಡುತ್ತೇವೆ. ಪ್ಯಾನೆಮ್ ಎಂಬ ಹೆಸರಿನ ಮೂಲವೂ ಇದೇ. ಪ್ರಾಚೀನ ರೋಮಿನ ಜನರಿಗೆ ರೊಟ್ಟಿ ಮತ್ತು ಆಟ ಎರಡನ್ನು ಒದಗಿಸಿಬಿಟ್ಟರೆ ಬೇರೇನೂ ಕೇಳುವುದಿಲ್ಲವೆಂದು ಜುವೆನಲ್ ಎಂಬ ಕವಿ ಕುಟುಕಿದ್ದನು. ಆ ಲ್ಯಾಟಿನ್ ನುಡಿಯಲ್ಲಿ ರೊಟ್ಟಿಗಿರುವ ಶಬ್ದವೇ ಈ ರಾಜ್ಯದ ಹೆಸರು.

ಪುಸ್ತಕದಲ್ಲಿ ದೋಷಗಳಿಲ್ಲವೆಂದಲ್ಲ. ಕಣದೊಳಕ್ಕೆ ಹೋದ ಮೇಲೆ ಲೇಖಕಿಯೂ ಆಟದ ಸೊಗಸಿಗೆ ಸೋಲುತ್ತಾರೆ. ಯಾರು ಸತ್ತರು, ಯಾರು ಉಳಿದರು, ಹುಡುಗಿಯ ಮನಸ್ಸು ಯಾರ ಮೇಲೆ ಎಂಬ ಕುತೂಹಲ ಓದುಗನನ್ನು ಎಳೆದುಕೊಂಡು ಓಡುತ್ತದೆ. ನೂರೈವತ್ತು ಪುಟ ದಾಟಿದ ಮೇಲೆ ನಾವೂ ಒಬ್ಬರ ಪಕ್ಷ ಹಿಡಿದು, ಎದುರಾಳಿ ಬಿದ್ದಾಗ ಸಂತೋಷಪಟ್ಟುದನ್ನು ಒಪ್ಪಿಕೊಳ್ಳಬೇಕು. ಆಗ ನಾವು ಕೂತಿದ್ದುದು ಕ್ಯಾಪಿಟಲಿನ ಗ್ಯಾಲರಿಯಲ್ಲಿಯೇ. ಗೃಹಸ್ಥರ ಭಯಕ್ಕೆ ಇಲ್ಲಿ ಆಧಾರವಿದೆ. ಚೀಟಿಯ ಲೆಕ್ಕವನ್ನು ಮರೆತು ಆಟವನ್ನಷ್ಟೇ ಓದುವ ಮಗುವಿಗೆ ಈ ಪುಸ್ತಕದಿಂದ ಲಾಭವಿಲ್ಲ.

ಆದರೆ ಅಲ್ಲಿಯೂ ಎರಡು ಪ್ರಸಂಗಗಳು ಮನಸ್ಸನ್ನು ತಡೆದು ನಿಲ್ಲಿಸುತ್ತವೆ. ಬೇಸಾಯದ ಜಿಲ್ಲೆಯ ಹನ್ನೆರಡರ ಹುಡುಗಿ ರೂ ಕಣದಲ್ಲಿ ಸತ್ತಾಗ ಕ್ಯಾಟ್ನಿಸ್ ಅವಳ ಶವಕ್ಕೆ ಹೂ ಹೊದಿಸುತ್ತಾಳೆ. ಆ ಜಿಲ್ಲೆಯವರು, ತಮ್ಮ ಹೊಟ್ಟೆಗೇ ಇಲ್ಲದವರು, ತಮ್ಮ ಮಗುವಿಗೆಂದು ಕೂಡಿಸಿದ್ದ ಹಣದಲ್ಲಿ ಒಂದು ರೊಟ್ಟಿಯನ್ನು ಪರ ಜಿಲ್ಲೆಯ ಈ ಹುಡುಗಿಗೆ ಕಳುಹಿಸುತ್ತಾರೆ. ಪೀಟಾ ಕೂಡ ಹಿಂದೊಮ್ಮೆ, ಮಳೆಯಲ್ಲಿ ಹಸಿದು ಕುಸಿದಿದ್ದ ಕ್ಯಾಟ್ನಿಸಳಿಗಾಗಿ ಬೇಕೆಂದೇ ರೊಟ್ಟಿ ಸುಟ್ಟು, ತಾಯಿಯಿಂದ ಏಟು ತಿಂದು, ಆ ರೊಟ್ಟಿಗಳನ್ನು ಅವಳತ್ತ ಎಸೆದವನು. ಈ ಎರಡು ರೊಟ್ಟಿಗಳ ಲೆಕ್ಕವನ್ನು ಯಾರೂ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ಕಾಳಿಗೆ ಚೀಟಿ ಬರೆಸಿಕೊಳ್ಳುವ ರಾಜ್ಯದಲ್ಲಿ ಚೀಟಿಯಿಲ್ಲದೆ ಕೊಟ್ಟ ಅನ್ನ ಇವೆರಡೇ. ಕೊನೆಗೆ ರಾಜ್ಯವನ್ನು ಅಲುಗಾಡಿಸಿದುದೂ ಇದೇ ಬಗೆಯ ಅನ್ನ. 1877ರಲ್ಲಿಯೂ ಮುಂಬಯಿ ಪ್ರಾಂತ್ಯದ ಸಾವಿರಾರು ಹಸಿದ ಕೂಲಿಗಳು ಟೆಂಪಲನ ಕೂಲಿಯನ್ನು ಒಲ್ಲೆವೆಂದು ಕಾಮಗಾರಿಗಳನ್ನು ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪಕ್ಷ ವಹಿಸಿ ಸರಕಾರಕ್ಕೆ ಬರೆಯಿತು.

ಮಕ್ಕಳ ಪುಸ್ತಕವೆಂದು ತಳ್ಳಿಹಾಕುವವರು ಥಾಯ್‌ಲೆಂಡಿನ ಸಂಗತಿಯನ್ನು ಕೇಳಲಿ. ಕಾದಂಬರಿಯ ಜನರು ಮೂರು ಬೆರಳುಗಳನ್ನೆತ್ತಿ ಗೌರವ ತೋರಿಸುತ್ತಾರೆ. 2014ರಲ್ಲಿ ಅಲ್ಲಿಯ ಸೈನ್ಯವು ಅಧಿಕಾರವನ್ನು ಕಸಿದುಕೊಂಡಾಗ ತರುಣರು ಆ ಮೂರು ಬೆರಳುಗಳನ್ನೇ ಪ್ರತಿಭಟನೆಯ ಗುರುತಾಗಿ ಎತ್ತಿದರು. ಎತ್ತಿದ ವಿದ್ಯಾರ್ಥಿಗಳನ್ನು ಹಿಡಿದೊಯ್ದರು. 2021ರಲ್ಲಿ ಮ್ಯಾನ್ಮಾರಿನ ಜನರೂ ಹಾಗೆಯೇ ಬೆರಳೆತ್ತಿದರು. ಆಳುವವರು ಹೆದರಿದ ಪುಸ್ತಕವನ್ನು ನಾವು ಆಟದ ಪುಸ್ತಕವೆಂದು ಹೇಗೆ ಕರೆಯೋಣ?

ಪುಸ್ತಕವನ್ನು ಹಿಂದಕ್ಕೆ ಪಡೆಯಲು ಗೃಹಸ್ಥರು ನಮ್ಮ ಕಚೇರಿಗೆ ಬಂದಾಗ ಮಗಳೂ ಜೊತೆಯಲ್ಲಿದ್ದಳು. ತಂದೆ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಅವಳೇ ಕೇಳಿದಳು: “ಕಾಕಾ, ನೀವರೆ ಪೂರಾ ಓದೀರೇನ್ರಿ? ಅಪ್ಪಾ ಅರ್ಧಕ್ಕ ಮುಚ್ಚಿಟ್ಟಾರ.” ಪೂರ ಓದಿದೆವೆಂದೆವು. ನಿನಗೆ ಅದರಲ್ಲಿ ಏನು ಹಿಡಿಸಿತಮ್ಮ ಎಂದು ಕೇಳಿದರೆ, “ಆ ಚೀಟಿ ಲೆಕ್ಕಾ ಬಾಳ ಮೋಸದ ಅದ ಕಾಕಾ” ಎಂದಳು. ತಂದೆ ನಮ್ಮ ಮುಖ ನೋಡಿದರು. ಅವರು ಹೆದರಿದ ಪುಟಗಳನ್ನು ಅವಳು ದಾಟಿಹೋಗಿದ್ದಳು. ನಮಗೆ ಮೂರು ವಾರ ಹಿಡಿದ ಪುಟದಲ್ಲಿ ಅವಳು ಮೊದಲ ದಿನವೇ ನಿಂತಿದ್ದಳು.

ಆದುದರಿಂದ ಗೃಹಸ್ಥರ ಕೋರಿಕೆಯನ್ನು ನಡೆಸಿಕೊಡಲು ನಮ್ಮಿಂದಾಗದು. ಪುಸ್ತಕವನ್ನು ಮಗಳಿಗೆ ಕೊಡಿ. ಉಳಿದರ್ಧವನ್ನು ತಾವೂ ಓದಿ. ಆಟದ ಪುಟಗಳು ಬಂದಾಗ ಜೊತೆಯಲ್ಲಿ ಕುಳಿತುಕೊಳ್ಳಿ. ಇದು ತಂದೆಯರಿಗೆ ನಮ್ಮ ವಿನಂತಿ.

ಹೋಟೆಲು ಧಣಿಗಳಾದ ನಮ್ಮ ಬಾಂಧವರಲ್ಲಿ ಬೇರೊಂದು ವಿನಂತಿಯಿದೆ. ಗಲ್ಲಾದ ಕೆಳಗಿನ ಪುಸ್ತಕವನ್ನು ಈ ವಾರ ಒಮ್ಮೆ ತೆರೆಯಿರಿ. ಹಬ್ಬಕ್ಕೆ ಹಣ ಬೇಕೆಂದವನಿಗೆ ಕೊಡಿ. ಕೊಟ್ಟುದಕ್ಕೆ ಅವನ ಕಾಲನ್ನು ಕಟ್ಟಬೇಡಿ. ಪರೀಕ್ಷೆಗೆ ಹೋಗುತ್ತೇನೆಂದವನನ್ನು ಹೋಗಗೊಡಿ. ಅವನು ತಿರುಗಿ ಬರದಿದ್ದರೆ ಹತ್ತು ಸಾವಿರ ಹೋಯಿತು. ಒಲೆ ಆರುವಷ್ಟು ನಷ್ಟ ಅದರಿಂದ ಯಾವ ಹೋಟೆಲಿಗೂ ಆಗುವುದಿಲ್ಲವೆಂಬುದನ್ನು ಹೋಟೆಲು ನಡೆಸಿದವರಾಗಿಯೇ ಹೇಳುತ್ತಿದ್ದೇವೆ.

ರಾಯಚೂರಿನ ಆ ಹುಡುಗನಿಗೆ ಈಗ ಮೂವತ್ತರ ಹತ್ತಿರ ವಯಸ್ಸಾಗಿರಬೇಕು. ಯಾವ ಊರಿನ ಯಾವ ಹೋಟೆಲಿನಲ್ಲಿ ಇದ್ದಾನೋ ನಮಗೆ ತಿಳಿಯದು. ಈ ಪತ್ರಿಕೆ ಅವನ ಕೈಗೆ ಸಿಕ್ಕಿದರೆ ನಾಂಪಲ್ಲಿಯ ನಮ್ಮ ಕಚೇರಿಗೆ ಬರಲಿ. ಎಸ್.ಎಸ್.ಎಲ್.ಸಿ.ಗೆ ಕಟ್ಟಲು ವಯಸ್ಸು ಅಡ್ಡಿಯಿಲ್ಲ. ಅದರ ಖರ್ಚು ನಮ್ಮದು. ಅದನ್ನು ಯಾವ ಪುಸ್ತಕದಲ್ಲಿಯೂ ಬರೆದುಕೊಳ್ಳುವುದಿಲ್ಲ.